ಕಾಲೇಜು ಆವರಣದ ಜಮಾ-ಖರ್ಚು

ಕಾಲೇಜಿನ ಆವರಣವೆಂದರೆ ಹಗಲಿನಲ್ಲಿ ಮಾತ್ರ ಇರುವ ಒಂದು ಊರು. ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಸಾವಿರ ಜನ ಬಂದು ಸೇರುತ್ತಾರೆ. ನೀರು ಕುಡಿಯುತ್ತಾರೆ, ಬುತ್ತಿ ಬಿಚ್ಚುತ್ತಾರೆ, ಶೌಚಾಲಯ ಬಳಸುತ್ತಾರೆ, ಪ್ರಯೋಗಾಲಯದಲ್ಲಿ ಆಮ್ಲ ಕ್ಷಾರ ಬೆರೆಸುತ್ತಾರೆ, ಚಹಾ ಕುಡಿದು ಲೋಟ ಎಸೆಯುತ್ತಾರೆ. ಸಂಜೆ ಅವರೆಲ್ಲ ಹಳ್ಳಿಯ ಬಸ್ಸು ಹಿಡಿದಾಗ ಊರು ಬರಿದಾಗುತ್ತದೆ. ಗೇಟಿನೊಳಗೆ ಬಂದ ವಸ್ತುಗಳು ಮಾತ್ರ ಅವರ ಜೊತೆ ಬಸ್ಸು ಹತ್ತುವುದಿಲ್ಲ. ದ್ರವ್ಯ ಹೊಸದಾಗಿ ಹುಟ್ಟುವುದೂ ಇಲ್ಲ, ಇಲ್ಲವಾಗುವುದೂ ಇಲ್ಲ ಎಂದು ಫ್ರಾನ್ಸಿನ ಲಾವಾಸಿಯೇ 18ನೇ ಶತಮಾನದಲ್ಲಿ ತಕ್ಕಡಿ ಹಿಡಿದು ತೋರಿಸಿದ. ಆ ನಿಯಮವನ್ನು ಪಾಠವಾಗಿ ಓದಿದ ವಿದ್ಯಾರ್ಥಿಗಳು ಅದನ್ನೇ ತಮ್ಮ ಆವರಣಕ್ಕೆ ಹಚ್ಚಿ ನೋಡಿದರೆ ಮಾಲಿನ್ಯದ ವಿಷಯ ಅರ್ಧ ತಿಳಿದಂತೆ. ಒಳಬಂದದ್ದೆಲ್ಲ ನೀರಿನೊಂದಿಗೆ ಹರಿದು ಹೋಗುತ್ತದೆ, ಹೊಗೆಯಾಗಿ ಗಾಳಿ ಸೇರುತ್ತದೆ, ಇಲ್ಲವೇ ನೆಲದಲ್ಲಿ ಉಳಿಯುತ್ತದೆ. ನಾಲ್ಕನೆಯ ದಾರಿಯೊಂದಿದೆ, ಮತ್ತೆ ಬಳಕೆಗೆ ಬರುವುದು. ಆ ದಾರಿಯನ್ನು ಮನುಷ್ಯರೇ ತೆರೆಯಬೇಕು.

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಐದು ತಾಲ್ಲೂಕು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಐದೂ ತಾಲ್ಲೂಕು ಕೇಂದ್ರಗಳಲ್ಲಿ ಪದವಿ ಕಾಲೇಜುಗಳಿವೆ, ಸುತ್ತಲಿನ ಹಳ್ಳಿಗಳ ಮಕ್ಕಳು ಓದುವುದು ಅಲ್ಲಿಯೇ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಿಸುಮಾರು 500ರಿಂದ 650 ಮಿಲಿಮೀಟರ್. ಅದರಲ್ಲೂ ಉತ್ತರೆ, ಹಸ್ತ ಮಳೆಗಳು ಕೈಹಿಡಿದರೆ ವರ್ಷ ಒಪ್ಪವಾಗುತ್ತದೆ, ಕೈಬಿಟ್ಟರೆ ಬರ. ಹಡಗಲಿ, ಹಗರಿಬೊಮ್ಮನಹಳ್ಳಿಗಳ ಅಂಚಿನಲ್ಲಿ ತುಂಗಭದ್ರೆ ಇದ್ದಾಳೆ. ಒಳನಾಡಿಗೆ ಕೊಳವೆಬಾವಿಯೇ ಬಹುಮಟ್ಟಿಗೆ ಆಧಾರ.

ಒಣನಾಡಿನಲ್ಲಿ ಮಾಲಿನ್ಯದ ಲೆಕ್ಕ ಬೇರೆಯೇ. ಮಲೆನಾಡಿನ ಕಾಲೇಜಿನ ಮೋರಿಗೆ ಬಿದ್ದ ಕೊಳೆಯನ್ನು ಮುಂಗಾರು ತೊಳೆದೊಯ್ಯುತ್ತದೆ. ತೊಳೆದದ್ದು ಕೆಳಗಿನ ಊರಿನವರ ಪಾಲಿಗೆ ಬರುತ್ತದೆ ಎಂಬ ಮಾತು ಬೇರೆ. ಇಲ್ಲಿ ತೊಳೆದೊಯ್ಯುವ ನೀರೇ ಇಲ್ಲ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿ ಕರಗಿದ್ದ ಉಪ್ಪು, ನೈಟ್ರೇಟು, ಲೋಹ ಉಳಿಯುತ್ತವೆ. ಮರುವರ್ಷ ಅದರ ಮೇಲೆ ಇನ್ನಷ್ಟು ಕೂಡುತ್ತದೆ. ಹೀಗಾಗಿ ಇಂಥ ನಾಡಿನ ಕಾಲೇಜಿಗೆ ಮಾಲಿನ್ಯ ಆದ ಮೇಲೆ ತೊಳೆಯುವ ಯೋಚನೆಗಿಂತ ಆಗದಂತೆ ತಡೆಯುವ ಯೋಚನೆಯೇ ಕೈಗೆಟಕುವಂಥದ್ದು.

ತಡೆಯುವುದೇ ಮೊದಲು ಎಂಬ ವಿಚಾರ ಕಾನೂನಿನ ರೂಪ ಪಡೆದದ್ದು ತೀರ ಹಿಂದೆಯೇನಲ್ಲ. ಅಮೆರಿಕ 1990ರಲ್ಲಿ ಮಾಲಿನ್ಯ ತಡೆ ಕಾಯ್ದೆ ತಂದಿತು. ಅದೇ ವರ್ಷ ಫ್ರಾನ್ಸಿನ ತಾಲ್ವಾರ್ ಎಂಬಲ್ಲಿ ಹಲವು ದೇಶಗಳ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಸೇರಿ, ಪರಿಸರದ ಹೊಣೆಯನ್ನು ಪಾಠದಲ್ಲೂ ಆವರಣದ ಆಡಳಿತದಲ್ಲೂ ಹೊರುವುದಾಗಿ ಘೋಷಣೆಗೆ ಸಹಿ ಹಾಕಿದರು. ಭಾರತದಲ್ಲಿ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರ ನವೆಂಬರ್ 22ರಂದು ಪರಿಸರವನ್ನು ಕಡ್ಡಾಯ ಪಾಠವಾಗಿಸಬೇಕೆಂದಿತು. ಅದು ಜಾರಿಗೆ ಬರಲು 2003ರಲ್ಲಿ ಮತ್ತೊಮ್ಮೆ ಆದೇಶ ಬೇಕಾಯಿತು. ಆಮೇಲೆ ಯುಜಿಸಿ ಎಲ್ಲ ಪದವಿ ತರಗತಿಗಳಿಗೂ ಆರು ತಿಂಗಳ ಪರಿಸರ ಅಧ್ಯಯನ ಪಠ್ಯ ರೂಪಿಸಿತು. ನ್ಯಾಕ್ ಮೌಲ್ಯಮಾಪನದ ಏಳನೆಯ ಮಾನದಂಡದಲ್ಲಿ ನೀರು, ಕಸ, ವಿದ್ಯುತ್ತು, ಹಸಿರು ಆವರಣಗಳ ಲೆಕ್ಕ ಕೇಳುತ್ತಾರೆ. ಹಾಗಾಗಿ ಈಗ ಪ್ರತಿ ಕಾಲೇಜಿನಲ್ಲೂ ಈ ವಿಷಯದ ಕಡತವೊಂದು ಇರುತ್ತದೆ. ಅದರಲ್ಲಿ ಸಸಿ ನೆಟ್ಟ ಫೋಟೊಗಳು ತುಂಬಿದ್ದು ನೀರಿನ ಪರೀಕ್ಷೆಯ ಒಂದು ಹಾಳೆಯೂ ಇಲ್ಲದಿದ್ದರೆ ಆ ಕಡತ ಮುಖ್ಯವಾದದ್ದನ್ನೇ ಬಿಟ್ಟಿದೆ ಎನ್ನಬೇಕಾಗುತ್ತದೆ.

ಬೋರಿನ ನೀರು, ಛಾವಣಿಯ ನೀರು

ಕೂಡ್ಲಿಗಿ ಸೀಮೆಯ ನೆಲದಡಿಯಲ್ಲಿ ಇರುವುದು ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆ. ಗುಡೇಕೋಟೆಯ ಗುಂಡುಬಂಡೆಗಳ ಬೆಟ್ಟಗಳು ಅದೇ ಶಿಲೆಯ ಹೊರಗೆ ಕಾಣುವ ಭಾಗ. ಈ ಕಲ್ಲಿನಲ್ಲಿರುವ ಬಯೋಟೈಟ್, ಅಪಟೈಟ್, ಫ್ಲೋರೈಟ್ ಖನಿಜಗಳು ಫ್ಲೋರೈಡಿನ ಮೂಲ. ನೀರು ಬಿರುಕುಗಳಲ್ಲಿ ಎಷ್ಟು ವರ್ಷ ನಿಂತಿರುತ್ತದೋ ಅಷ್ಟು ಫ್ಲೋರೈಡ್ ಕರಗಿಸಿಕೊಳ್ಳುತ್ತದೆ. ನೀರು ಕ್ಷಾರೀಯವಾಗಿದ್ದು ಅದರಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಕರಗುವುದು ಇನ್ನೂ ಹೆಚ್ಚು. ಬೋರು ಆಳಕ್ಕಿಳಿದಂತೆ ಹಳೆಯ ನೀರು ಮೇಲೆ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು. ಬೇರೆ ನೀರಿನ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿನದನ್ನು ಮಗುವಾಗಿದ್ದಾಗಿನಿಂದ ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟಿ ಮೂಡುತ್ತದೆ, ಇನ್ನೂ ಹೆಚ್ಚಾದರೆ ಎಲುಬು ಕೀಲುಗಳು ಬಿಗಿಯುತ್ತವೆ. ತರಗತಿಯಲ್ಲಿ ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುವ ಹುಡುಗಿ ಈ ಸೀಮೆಯ ಮೇಷ್ಟ್ರುಗಳಿಗೆ ಅಪರಿಚಿತಳಲ್ಲ.

ಇದಕ್ಕೆ ಕಾಲೇಜುಗಳು ಕಂಡುಕೊಂಡ ಉಪಾಯ ಆರ್‌ಓ ಯಂತ್ರ. ಕುಡಿಯುವವರಿಗೆ ಅದರಿಂದ ಒಳ್ಳೆಯದೇ ಆಗಿದೆ. ಯಂತ್ರದ ಹಿಂಬದಿಯ ಕೊಳವೆಯನ್ನೂ ನೋಡಬೇಕು. ಒಂದು ಲೀಟರ್ ಶುದ್ಧ ನೀರು ಕೊಡುವಾಗ ಯಂತ್ರ ಒಂದು ಲೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ತ್ಯಾಜ್ಯ ನೀರನ್ನು ಹೊರಹಾಕುತ್ತದೆ. ಪೊರೆ ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಪಕ್ಕಕ್ಕೆ ಸರಿಸುತ್ತದೆ ಅಷ್ಟೆ. ಒಳಬಂದ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದ್ದು ಅರ್ಧ ನೀರು ಶುದ್ಧವಾಗಿ ಹೊರಬಂದರೆ ಉಳಿದರ್ಧದಲ್ಲಿ ಸುಮಾರು 4 ಮಿಲಿಗ್ರಾಂ ಇರುತ್ತದೆ. ಸಾವಿರ ವಿದ್ಯಾರ್ಥಿಗಳು ದಿನಕ್ಕೆ ತಲಾ ಒಂದು ಲೀಟರ್ ಕುಡಿದರೂ ಸಾವಿರ ಲೀಟರ್ ತ್ಯಾಜ್ಯ. ಇನ್ನೂರು ದಿನಗಳ ಪಾಠಕ್ಕೆ ಎರಡು ಲಕ್ಷ ಲೀಟರ್. ನೀರು ಪೋಲಾಗಬಾರದೆಂಬ ಒಳ್ಳೆಯ ಮನಸ್ಸಿನಿಂದ ಅನೇಕ ಕಡೆ ಇದನ್ನು ಕೈತೋಟಕ್ಕೋ ಇಂಗುಗುಂಡಿಗೋ ಬಿಡುತ್ತಾರೆ. ಇಂಗುಗುಂಡಿಗೆ ಬಿಟ್ಟರೆ ಮೇಲೆತ್ತಿದ ಫ್ಲೋರೈಡನ್ನು ದುಪ್ಪಟ್ಟು ಗಾಢವಾಗಿಸಿ ಅದೇ ನೀರಿನ ಸೆಲೆಗೆ ಮರಳಿಸಿದಂತಾಗುತ್ತದೆ. ಗಿಡಗಳಿಗೆ ಹಾಕಿದರೆ ಎರೆ ನೆಲ ಕ್ರಮೇಣ ಉಪ್ಪುಗಟ್ಟುತ್ತದೆ. ಇದಕ್ಕೆ ತಕ್ಕ ಜಾಗ ಶೌಚಾಲಯದ ಫ್ಲಶ್ಶು ಮತ್ತು ನೆಲ ಒರೆಸುವ ಬಕೀಟು. ಒಂದು ಸಿಂಟೆಕ್ಸ್ ಟ್ಯಾಂಕು, ಒಂದಷ್ಟು ಪೈಪು ಇದ್ದರೆ ಆ ವ್ಯವಸ್ಥೆ ಆಗುತ್ತದೆ, ಅಷ್ಟರಮಟ್ಟಿಗೆ ಹೊಸ ನೀರು ಎತ್ತುವುದೂ ತಪ್ಪುತ್ತದೆ.

ಇನ್ನೂ ಒಳ್ಳೆಯ ದಾರಿ ತಲೆಯ ಮೇಲೆಯೇ ಇದೆ. ಸಾವಿರ ಚದರ ಮೀಟರ್ ಛಾವಣಿಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಆರು ಲಕ್ಷ ಲೀಟರ್. ಆವಿ, ಸೋರಿಕೆ, ಮೊದಲ ತೊಳೆತ ಎಂದು ಐದರಲ್ಲೊಂದು ಭಾಗ ಕಳೆದರೂ 4.8 ಲಕ್ಷ ಲೀಟರ್ ಸಿಗುತ್ತದೆ. ಸಾವಿರ ವಿದ್ಯಾರ್ಥಿಗಳಿಗೆ ವರ್ಷವಿಡೀ ಕುಡಿಯಲು ಬೇಕಾದದ್ದು ಎರಡು ಲಕ್ಷ ಲೀಟರ್ ಎಂದು ಈಗಷ್ಟೇ ಲೆಕ್ಕ ಹಾಕಿದ್ದಾಯಿತು. ಮಳೆ ನೀರು ಕಲ್ಲನ್ನು ಮುಟ್ಟಿಲ್ಲವಾದ್ದರಿಂದ ಅದರಲ್ಲಿ ಈ ಫ್ಲೋರೈಡ್ ಇರುವುದಿಲ್ಲ. ಬರಗಾಲದ ನಾಡೆಂದು ಹೆಸರಾದ ಸೀಮೆಯಲ್ಲಿ ಕಾಲೇಜೊಂದು ತನ್ನ ಕುಡಿಯುವ ನೀರನ್ನು ಛಾವಣಿಯಿಂದಲೇ ಪಡೆಯಬಲ್ಲದು ಎಂಬುದು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಕೂಡಿಡಲು ಜಾಗ ಬೇಕು, ಚೊಕ್ಕಟವೂ ಬೇಕು. ಬೇಸಿಗೆಯ ಆರು ತಿಂಗಳು ಛಾವಣಿಯ ಮೇಲೆ ಧೂಳು, ಪಾರಿವಾಳದ ಹಿಕ್ಕೆ, ಬೇವಿನೆಲೆ ಕೂತಿರುತ್ತವೆ. ಅಶ್ವಿನಿ, ಭರಣಿ ಮಳೆಗಳ ಮೊದಲ ಹನಿಗಳು ಅದನ್ನೆಲ್ಲ ಹೊತ್ತು ಇಳಿಯುತ್ತವೆ. ಸಾವಿರ ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆಯೆಂದರೆ ಸಾವಿರ ಲೀಟರ್. ಮೊದಲ ಒಂದೆರಡು ಮಿಲಿಮೀಟರನ್ನು ಬೇರೆ ಕೊಳವೆಯಿಂದ ಹೊರಗೆ ಬಿಟ್ಟು, ಆಮೇಲಿನದನ್ನು ಜಲ್ಲಿ, ಮರಳು, ಇದ್ದಿಲಿನ ಸೋಸುಗುಂಡಿ ದಾಟಿಸಿ ಕತ್ತಲೆಯ ಸಂಪಿನಲ್ಲಿ ನಿಲ್ಲಿಸಬೇಕು. ಬೆಳಕು ಬೀಳದಿದ್ದರೆ ಪಾಚಿ ಕಟ್ಟುವುದಿಲ್ಲ. ಕುಡಿಯುವ ಮೊದಲು ಕುದಿಸುವುದೋ ಕ್ಲೋರಿನ್ ಹಾಕುವುದೋ ಬೇಕೇ ಬೇಕು. ಸಂಪು ತುಂಬಿ ಹೆಚ್ಚಾದದ್ದು ಇಂಗುಗುಂಡಿಗೆ. ಕೂಡ್ಲಿಗಿಯ ಕಡೆಯ ಮಸಾರಿ ನೆಲದಲ್ಲಿ ನೀರು ಬೇಗ ಇಂಗುತ್ತದೆ. ಹಡಗಲಿ ಕಡೆಯ ಎರೆ ನೆಲ ಹನಿ ಬಿದ್ದೊಡನೆ ಉಬ್ಬಿ ಬಿರುಕು ಮುಚ್ಚಿಕೊಳ್ಳುವುದರಿಂದ ಅಲ್ಲಿ ಗುಂಡಿ ಎರೆಯ ಪದರ ದಾಟಿ ಕೆಳಗಿನ ಸುಣ್ಣಕಲ್ಲಿನ ಪುಡಿಯವರೆಗೆ ಇಳಿಯಬೇಕು. ಸೋತ ಬೋರುಗಳ ಸುತ್ತ ಸೋಸುಗುಂಡಿ ಮಾಡಿ ಮಳೆ ನೀರು ಇಳಿಸುವ ವಿದ್ಯೆಯನ್ನು ಪಕ್ಕದ ಚಿತ್ರದುರ್ಗದ ಜಲತಜ್ಞ ಎನ್.ಜೆ. ದೇವರಾಜ ರೆಡ್ಡಿ ಬಹಳಷ್ಟು ಕಡೆ ಮಾಡಿ ತೋರಿಸಿದ್ದಾರೆ. ಕಾಲೇಜಿನ ಬೋರಿಗೂ ಅದು ಒಪ್ಪುತ್ತದೆ. ಒಂದು ಎಚ್ಚರ ಮಾತ್ರ ಬೇಕು: ಆಟದ ಮೈದಾನದ, ವಾಹನ ನಿಲ್ಲಿಸುವ ಜಾಗದ ನೀರನ್ನು ನೇರವಾಗಿ ಬೋರಿಗೆ ಬಿಡಬಾರದು. ಎಣ್ಣೆ, ಸಗಣಿ, ಉಗುಳು ಎಲ್ಲವೂ ಒಮ್ಮೆಗೇ ಆಳಕ್ಕೆ ಇಳಿದುಬಿಡುತ್ತವೆ.

ಶೌಚಾಲಯದ ಕೆಳಗೆ

ಈ ಭಾಗದ ಊರುಗಳಲ್ಲಿ ಒಳಚರಂಡಿ ಇಲ್ಲದ ಕಡೆ ಕಾಲೇಜಿನ ಶೌಚಾಲಯ ಸೆಪ್ಟಿಕ್ ಟ್ಯಾಂಕಿಗೆ, ಅಲ್ಲಿಂದ ಇಂಗುಗುಂಡಿಗೆ ಸೇರುತ್ತದೆ. ಟ್ಯಾಂಕಿನಲ್ಲಿ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಮಲವನ್ನು ಕರಗಿಸುತ್ತವೆ. ಮೂತ್ರದ ಸಾರಜನಕ ಮಾತ್ರ ಅಮೋನಿಯವಾಗಿ ಹೊರಬಂದು ಮಣ್ಣಿನಲ್ಲಿ ನೈಟ್ರೇಟಾಗುತ್ತದೆ. ನೈಟ್ರೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ, ನೀರಿನೊಂದಿಗೇ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇಂಗುಗುಂಡಿಯಿಂದ ಬಾವಿಗೆ ಕನಿಷ್ಠ 18 ಮೀಟರ್ ಅಂತರವಿರಬೇಕೆಂದು ಮಾನಕ ಹೇಳುತ್ತದೆ. ಅದು ಮಣ್ಣಿನ ನೆಲಕ್ಕೆ ಹೇಳಿದ ಮಾತು. ಮೂರಡಿ ಅಗೆದರೆ ಬಂಡೆ ತಗಲುವಲ್ಲಿ ಕೊಳಚೆ ಬಿರುಕು ಹಿಡಿದು ಓಡುತ್ತದೆ, ಅಂತರ ಇನ್ನೂ ಬಹಳ ಬೇಕು. ಬೋರು ಎತ್ತರದ ಮಗ್ಗುಲಲ್ಲಿ, ಶೌಚಾಲಯ ಇಳಿಜಾರಿನಲ್ಲಿ ಇರುವಂತೆ ಕಟ್ಟುವಾಗಲೇ ನೋಡಿಕೊಂಡರೆ ಮುಂದಿನ ಐವತ್ತು ವರ್ಷದ ಪಾಡು ತಪ್ಪುತ್ತದೆ.

ಟ್ಯಾಂಕು ತುಂಬಿದಾಗ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದು ಅಪರಾಧ. ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ಅದನ್ನು ಸ್ಪಷ್ಟವಾಗಿ ನಿಷೇಧಿಸಿದೆ, ಒಳಗಿನ ಹೈಡ್ರೋಜನ್ ಸಲ್ಫೈಡು ಕ್ಷಣದಲ್ಲಿ ಜೀವ ತೆಗೆಯುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಕಿಪ್ ಉಪಕರಣದಿಂದ ಗೊತ್ತಿರುವ ಅದೇ ಕೊಳೆತ ಮೊಟ್ಟೆಯ ವಾಸನೆ ಅದು. ಪ್ರಮಾಣ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ಯಂತ್ರದಿಂದ ಹೀರಿಸಿದರೂ ಗಾಡಿ ಆ ಕೆಸರನ್ನು ಎಲ್ಲಿ ಸುರಿಯುತ್ತದೆ ಎಂಬ ಪ್ರಶ್ನೆ ಕಾಲೇಜಿನ ಗೇಟಿನಲ್ಲೇ ಮುಗಿಯುವುದಿಲ್ಲ. ಒಳಚರಂಡಿಯಿಲ್ಲದ ಪಟ್ಟಣವೂ ಮಲಕೆಸರನ್ನು ಸಂಸ್ಕರಿಸಿ ಗೊಬ್ಬರ ಮಾಡಬಹುದೆಂದು ದೇವನಹಳ್ಳಿಯ ಘಟಕ 2015ರಿಂದ ತೋರಿಸುತ್ತಿದೆ. ತಾಲ್ಲೂಕು ಪಟ್ಟಣಗಳಿಗೆ ಅದು ಹತ್ತಿರದ ಮಾದರಿ.

ಕೈ ತೊಳೆದ, ಹಾಸ್ಟೆಲಿನ ಪಾತ್ರೆ ತೊಳೆದ ನೀರನ್ನು ಇದರ ಜೊತೆ ಬೆರೆಸಬಾರದು. ಎಣ್ಣೆ ಜಿಡ್ಡು ಹಿಡಿಯುವ ಒಂದು ತೊಟ್ಟಿ, ಆಮೇಲೆ ಜಲ್ಲಿ ತುಂಬಿ ಕಾಬಾಳೆ ನೆಟ್ಟ ಕಾಲುವೆ, ಇಷ್ಟಿದ್ದರೆ ಬೇರುಗಳ ಸುತ್ತಲಿನ ಸೂಕ್ಷ್ಮಜೀವಿಗಳು ಕೊಳೆ ತಿಂದು ತೋಟಕ್ಕೆ ಆಗುವ ನೀರು ಕೊಡುತ್ತವೆ. ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಯ ಕಾಲೇಜಿಗೆ ಆ ನೀರಿನಲ್ಲಿ ಏನು ಬೆಳೆಯಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.

ಪ್ರಯೋಗಾಲಯದ ಸಿಂಕು

ಪ್ರಮಾಣದಲ್ಲಿ ಅತಿ ಚಿಕ್ಕದು, ವಿಷದಲ್ಲಿ ಅತಿ ದೊಡ್ಡದು ರಸಾಯನಶಾಸ್ತ್ರ ಪ್ರಯೋಗಾಲಯದ ಮೋರಿ. ಬಿ.ಎಸ್ಸಿ. ವಿದ್ಯಾರ್ಥಿ ಪೊಟ್ಯಾಸಿಯಂ ಡೈಕ್ರೊಮೇಟಿನ ಕಿತ್ತಳೆ ದ್ರಾವಣವನ್ನು ಬ್ಯೂರೆಟ್ಟಿಗೆ ತುಂಬುತ್ತಾನೆ, ಶಂಕುಪಾತ್ರೆಯಲ್ಲಿ ಬಣ್ಣ ತಿರುಗುವವರೆಗೆ ಹನಿ ಹನಿಯಾಗಿ ಬಿಡುತ್ತಾನೆ, ಅಂಕಿ ಬರೆದುಕೊಂಡು ಎಲ್ಲವನ್ನೂ ಸಿಂಕಿಗೆ ಸುರಿದು ನಲ್ಲಿ ತಿರುಗಿಸುತ್ತಾನೆ. ಒಂದು ಮಧ್ಯಾಹ್ನಕ್ಕೆ ಒಬ್ಬನಿಂದ ಎನ್/20 ಸಾಂದ್ರತೆಯ 50 ಮಿಲಿಲೀಟರ್ ಖರ್ಚಾಯಿತೆನ್ನೋಣ. ಅದರಲ್ಲಿರುವ ಡೈಕ್ರೊಮೇಟು 0.12 ಗ್ರಾಂ, ಕ್ರೋಮಿಯಂ ಸುಮಾರು 43 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಅಂದರೆ ಒಬ್ಬ ವಿದ್ಯಾರ್ಥಿಯ ಒಂದು ಮಧ್ಯಾಹ್ನದ ಚೆಲ್ಲಾಟ 860 ಲೀಟರ್ ನೀರನ್ನು ಮಿತಿಯ ಅಂಚಿಗೆ ತರಲು ಸಾಕು. ಇಪ್ಪತ್ತು ಜನರ ಬ್ಯಾಚಿಗೆ 17,000 ಲೀಟರ್, ಮೂರು ನಾಲ್ಕು ಟ್ಯಾಂಕರ್ ನೀರು. ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾಯುವ ಊರಿನಲ್ಲಿ ಈ ಲೆಕ್ಕವನ್ನು ಪ್ರಯೋಗದ ಮೊದಲ ದಿನವೇ ಕರಿಹಲಗೆಯ ಮೇಲೆ ಮಾಡಿಸಬೇಕು.

ಪರಿಹಾರ ಅದೇ ಕೋಣೆಯಲ್ಲಿದೆ. ಸಿಂಕಿನ ಪಕ್ಕ ಚೀಟಿ ಅಂಟಿಸಿದ ಪ್ಲಾಸ್ಟಿಕ್ ಕ್ಯಾನು ಇಟ್ಟು ಕ್ರೋಮಿಯಂ ಇರುವ ದ್ರಾವಣವನ್ನೆಲ್ಲ ಅದಕ್ಕೆ ಸುರಿಸಬೇಕು. ತಿಂಗಳಿಗೊಮ್ಮೆ ಆಮ್ಲದ ಸಮಕ್ಷಮದಲ್ಲಿ ಫೆರಸ್ ಸಲ್ಫೇಟ್ ಹಾಕಿದರೆ ವಿಷಕಾರಿಯಾದ ಆರರ ವೇಲೆನ್ಸಿಯ ಕ್ರೋಮಿಯಂ ಮೂರಕ್ಕಿಳಿಯುತ್ತದೆ, ಕಿತ್ತಳೆ ಬಣ್ಣ ಹಸಿರಾಗುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಸುಣ್ಣದ ತಿಳಿ ಹಾಕಿ ಪಿಎಚ್ ಎಂಟು ಒಂಬತ್ತರ ಹತ್ತಿರ ತಂದರೆ ಹೈಡ್ರಾಕ್ಸೈಡಾಗಿ ತಳಕ್ಕೆ ಕೂರುತ್ತದೆ. ಆ ಗಸಿಯನ್ನು ಒಣಗಿಸಿ, ಹೆಸರು ಬರೆದು, ಬೀಗದ ಕಪಾಟಿನಲ್ಲಿಟ್ಟು ಅಧಿಕೃತ ವಿಲೇವಾರಿಗೆ ಕಳಿಸಬೇಕು. ಇದು ತಾನೇ ಒಂದು ಒಳ್ಳೆಯ ಪ್ರಯೋಗ. ಅಂಕ ಕೊಟ್ಟು ಮಾಡಿಸಲೂ ಅಡ್ಡಿಯಿಲ್ಲ. ಸಿಲ್ವರ್ ನೈಟ್ರೇಟು ಬಳಸಿದಾಗ ಉಳಿಯುವ ಬಿಳಿ ಗಸಿಯನ್ನೂ ಹೀಗೇ ಕೂಡಿಟ್ಟರೆ ಬೆಳ್ಳಿ ಮರಳಿ ಸಿಗುತ್ತದೆ.

ಆದರೂ ಕ್ಯಾನು ಎರಡನೆಯ ಮಾತು. 1998ರಲ್ಲಿ ಪಾಲ್ ಅನಾಸ್ತಾಸ್ ಮತ್ತು ಜಾನ್ ವಾರ್ನರ್ ಹಸಿರು ರಸಾಯನಶಾಸ್ತ್ರಕ್ಕೆ ಹನ್ನೆರಡು ಸೂತ್ರಗಳನ್ನು ಬರೆದಾಗ ಮೊದಲ ಸೂತ್ರವಾಗಿ ಇಟ್ಟದ್ದು ತ್ಯಾಜ್ಯ ಹುಟ್ಟದಂತೆ ನೋಡಿಕೊಳ್ಳುವುದನ್ನು. ಲವಣ ವಿಶ್ಲೇಷಣೆಯನ್ನು ದೊಡ್ಡ ಪ್ರನಾಳದ ಬದಲು ಹನಿಗಳಲ್ಲಿ ಮಾಡಿದರೆ ರಾಸಾಯನಿಕ ಹತ್ತರಲ್ಲೊಂದು ಭಾಗಕ್ಕಿಳಿಯುತ್ತದೆ, ಫಲಿತಾಂಶ ಬದಲಾಗುವುದಿಲ್ಲ. ಅಮೋನಿಯದ ಪರೀಕ್ಷೆಗೆ ಪಾದರಸವಿರುವ ನೆಸ್ಲರ್ ಕಾರಕವೇ ಬೇಕೆಂದಿಲ್ಲ. ಕ್ಷಾರ ಹಾಕಿ ಬಿಸಿ ಮಾಡಿ, ಒದ್ದೆ ಕೆಂಪು ಲಿಟ್ಮಸ್ ಹಿಡಿದರೂ ಗೊತ್ತಾಗುತ್ತದೆ. ಪ್ರಾಣಿಶಾಸ್ತ್ರದಲ್ಲಿ ಛೇದನವನ್ನು ಹಂತಹಂತವಾಗಿ ಬಿಡಲು ಯುಜಿಸಿ 2011ರಲ್ಲಿ ಮಾರ್ಗಸೂಚಿ ಕೊಟ್ಟ ಮೇಲೆ ಹೊಸ ಫಾರ್ಮಲಿನ್ ಬೇಡಿಕೆ ಇಳಿದಿದೆ. ಹಳೆಯ ಗಾಜಿನ ಜಾಡಿಗಳ ಫಾರ್ಮಲಿನ್ ಇನ್ನೂ ಆವಿಯಾಗುತ್ತಲೇ ಇದೆ, ಮತ್ತು ಅದು ಕ್ಯಾನ್ಸರ್‌ಕಾರಕ. ಆ ಕೋಣೆಗೆ ಮೊದಲು ಬೇಕಾದದ್ದು ಗಾಳಿ ಹೊರಹಾಕುವ ಫ್ಯಾನು.

ಎಲೆ, ಹೊಗೆ, ಕುರಿ ಹಿಕ್ಕೆ

ಶಿವರಾತ್ರಿಯ ಆಸುಪಾಸಿನಲ್ಲಿ ಬೇವು, ಹೊಂಗೆ ಎಲೆ ಉದುರಿಸುತ್ತವೆ. ಬೆಳಿಗ್ಗೆ ಏಳಕ್ಕೆ ಆವರಣದಲ್ಲಿ ಕಸಬರಿಗೆಯ ಸದ್ದು. ಎಂಟರ ಹೊತ್ತಿಗೆ ಗೋಡೆಯ ಮೂಲೆಯಲ್ಲಿ ಸೊಂಟದೆತ್ತರದ ರಾಶಿ. ಒಂದು ಕಡ್ಡಿ ಗೀರಿ ಹಚ್ಚಿದರೆ ಆಯಿತು. ಮೇಲಿನ ಒಣ ಎಲೆ ಉರಿಯುತ್ತದೆ, ಕೆಳಗಿನ ಇಬ್ಬನಿ ಹೀರಿದ ಎಲೆ ಉರಿಯದೆ ಮಧ್ಯಾಹ್ನದವರೆಗೂ ಹೊಗೆಯಾಡುತ್ತದೆ. ಆ ಹೊಗೆಯಲ್ಲೇ ಕಾರ್ಬನ್ ಮಾನಾಕ್ಸೈಡು, ಬೆಂಜೀನು ಮತ್ತು ಶ್ವಾಸಕೋಶದ ಆಳಕ್ಕಿಳಿಯುವ ಎರಡೂವರೆ ಮೈಕ್ರಾನಿಗಿಂತ ಚಿಕ್ಕ ಕಣಗಳು ಇರುವುದು. ರಾಶಿಯಲ್ಲಿ ನಾಲ್ಕು ಕುರ್ಕುರೆ ಪೊಟ್ಟಣ, ಹತ್ತು ಪ್ಲಾಸ್ಟಿಕ್ ಲೋಟ ಸೇರಿದ್ದರೆ ವಿಷದ ಪಟ್ಟಿ ಉದ್ದವಾಗುತ್ತದೆ. ಮೊದಲು ಅದನ್ನು ಉಸಿರಾಡುವವರು ಗುಡಿಸಿ ಹಚ್ಚಿದ ಅದೇ ಕೆಲಸಗಾರ್ತಿ, ಆಮೇಲೆ ಗಾಳಿಯ ದಿಕ್ಕಿನ ತರಗತಿ. ಬಯಲಲ್ಲಿ ಕಸ ಸುಡುವವರಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಗೊತ್ತುಮಾಡಿತು. ಆ ದಾವೆ ಹೂಡಿದವರು ಬೆಂಗಳೂರಿನ ಅಲ್ಮಿತ್ರಾ ಪಟೇಲ್.

ಸುಡದಿದ್ದರೆ ಆ ಎಲೆ ಸಿರಿ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಕೊಳೆಸುವ ಜೀವಿಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲದ ಮೂವತ್ತು ಪಾಲು ಇದ್ದರೆ ಹದ. ಕೊರತೆಯ ಸಾರಜನಕವನ್ನು ತುಂಬುವ ವಸ್ತು ಈ ಸೀಮೆಯಲ್ಲಿ ಹುಡುಕಿದಲ್ಲಿ ಸಿಗುತ್ತದೆ: ಕುರಿ ಹಿಕ್ಕೆ. ಹೊಲದಲ್ಲಿ ರಾತ್ರಿ ಕುರಿ ತರುಬಿಸಿ ಗೊಬ್ಬರ ಮಾಡಿಸಿಕೊಳ್ಳುವ ರೈತನ ಮಕ್ಕಳೇ ತರಗತಿಯಲ್ಲಿ ಕೂತಿರುತ್ತಾರೆ. ಬಿಸಿಲ ನಾಡಿನಲ್ಲಿ ನೆಲದ ಮೇಲೆ ರಾಶಿ ಹಾಕಿದರೆ ಒಣಗಿ ನಿಲ್ಲುತ್ತದೆ, ಆದ್ದರಿಂದ ಮೂರಡಿ ಆಳದ ಗುಂಡಿಯೇ ಸರಿ. ಒಂದು ಗೇಣು ಎಲೆ, ಮೇಲೆ ಹಿಕ್ಕೆ, ಸಗಣಿ ನೀರು, ಮತ್ತೆ ಎಲೆ. ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಒಂದು ವಾರದಲ್ಲಿ ಒಳಗೆ ಕೈಯಿಟ್ಟರೆ ಸುಡುವಷ್ಟು ಶಾಖ ಏಳುತ್ತದೆ, ಕಳೆಬೀಜ ರೋಗಾಣುಗಳು ಆ ಶಾಖಕ್ಕೇ ಸಾಯುತ್ತವೆ. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಮೂರು ನಾಲ್ಕು ತಿಂಗಳಿಗೆ, ಅಂದರೆ ರೋಹಿಣಿ ಮಳೆಯ ಹೊತ್ತಿಗೆ, ಕಪ್ಪನೆಯ ಗೊಬ್ಬರ ಸಿದ್ಧ. ಮಿಕ್ಕ ಎಲೆಯನ್ನು ಮರಗಳ ಬುಡಕ್ಕೆ ಹೊದಿಸಬಹುದು. ಗೆದ್ದಲು ಬರುತ್ತದೆಂಬ ಹೆದರಿಕೆ ಇದ್ದೇ ಇರುತ್ತದೆ. ಗೆದ್ದಲು ತಿನ್ನುವುದು ಒಣ ಎಲೆಯನ್ನು. ಹೊದಿಕೆಯನ್ನು ಕಾಂಡದಿಂದ ಒಂದು ಗೇಣು ದೂರವಿಟ್ಟರೆ ಮರಕ್ಕೆ ತೊಂದರೆಯಿಲ್ಲ.

ಹೊದಿಕೆಯಿಲ್ಲದ ಬೋಳು ಮೈದಾನ ಇನ್ನೊಂದು ಕಷ್ಟ. ಆಷಾಢದ ಗಾಳಿಗೆ ಧೂಳೆದ್ದು ಕಿಟಕಿಗಳಿಂದ ನುಗ್ಗುತ್ತದೆ. ಗಾಳಿಯ ದಿಕ್ಕಿಗೆ ಎರಡು ಸಾಲು ಮರಗಳು ಅದನ್ನು ತಡೆಯುತ್ತವೆ, ಮರ ಯಾವುದೆಂಬುದು ಮುಖ್ಯ. ಬೇಗ ಹಸಿರಾಗಲೆಂದು ಹೊರದೇಶದಿಂದ ತಂದು ಬಿತ್ತಿದ ಮುಳ್ಳುಮರವೊಂದು ಈ ಸೀಮೆಯ ಹೆಸರನ್ನೇ ಹೊತ್ತಿದೆ: ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಅದು ಕೆರೆಯಂಗಳ, ಗೋಮಾಳಗಳನ್ನು ಮುಚ್ಚಿಕೊಂಡ ಪರಿ ಎಲ್ಲರ ಕಣ್ಣೆದುರಿಗಿದೆ. ನೆಡಬೇಕಾದವು ಬೇವು, ಹೊಂಗೆ, ತುಗ್ಗಲಿ, ಕಮರ, ಬಾರೆ. ಕರಡಿಗಳಿಗಾಗಿ 2013ರಲ್ಲಿ ಘೋಷಿಸಿದ ಗುಡೇಕೋಟೆ ಧಾಮದ ಕುರುಚಲು ಕಾಡು ಯಾರೂ ನೀರೆರೆಯದೆ ನಿಂತಿರುವುದು ಇಂಥ ಮರಗಳಿಂದಲೇ.

ಗೇಟಿನಾಚೆಯ ಅಂಗಡಿ, ಗೋದಾಮಿನ ಕಂಪ್ಯೂಟರು

ಆವರಣದ ಪ್ಲಾಸ್ಟಿಕ್ಕಿನಲ್ಲಿ ಹೆಚ್ಚಿನದು ಗೇಟಿನೆದುರಿನ ಚಹಾ, ಮಂಡಕ್ಕಿ-ಮಿರ್ಚಿ ಅಂಗಡಿಗಳಿಂದ ಒಳಗೆ ಬರುತ್ತದೆ. ಕರ್ನಾಟಕ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲ, ಲೋಟ, ತಟ್ಟೆಗಳನ್ನು ನಿಷೇಧಿಸಿತು. ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಬಂತು. ಕಾಗದದ ಲೋಟ ಅದರ ಜಾಗ ಹಿಡಿದಿದೆ, ಅದರ ಒಳಮೈಗೂ ಪಾಲಿಥೀನ್ ಲೇಪನವಿರುವುದರಿಂದ ಅದು ಗೊಬ್ಬರವೂ ಆಗದು, ರದ್ದಿಯವನೂ ಕೊಳ್ಳುವುದಿಲ್ಲ. ಅಂಗಡಿಯವರಿಗೆ ಎಚ್ಚರಿಕೆ ಕೊಟ್ಟು ಹೊಟ್ಟೆಪಾಡಿಗೆ ಕಲ್ಲು ಹಾಕುವ ಬದಲು, ಸ್ಟೀಲು ಲೋಟ ತೊಳೆಯಲು ಕಾಲೇಜಿನಿಂದ ಒಂದು ನಲ್ಲಿ ಕೊಟ್ಟರೆ ಅವರ ಖರ್ಚೂ ಇಳಿಯುತ್ತದೆ, ಕಸವೂ ಇಳಿಯುತ್ತದೆ.

ಹೆಣ್ಣುಮಕ್ಕಳ ಶೌಚಾಲಯದ ಕಸದ ಬಗ್ಗೆ ಮಾತಾಡಲು ಹಿಂಜರಿಯುವುದರಿಂದಲೇ ಅದು ಮೋರಿ ಕಟ್ಟುತ್ತದೆ. ಪ್ಯಾಡಿನಲ್ಲಿ ಬಹುಪಾಲು ಪ್ಲಾಸ್ಟಿಕ್. ಗೋಡೆಗೆ ತೂಗುಹಾಕಿದ ಚಿಕ್ಕ ದಹನಯಂತ್ರದ ಶಾಖ ಸಾಲದೆ ಅರೆಬೆಂದು ಡಯಾಕ್ಸಿನ್‌ನಂಥ ವಿಷ ಹೊರಬರುವ ಅಪಾಯವಿದೆ. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ, ಮುಚ್ಚಳದ ಬುಟ್ಟಿಯಲ್ಲಿ ಬೇರೆಯಾಗಿಟ್ಟು, ಪುರಸಭೆಯ ಗಾಡಿಗೆ ಬೇರೆಯಾಗಿಯೇ ಕೊಡಬೇಕು.

ಕೆಟ್ಟ ಕಂಪ್ಯೂಟರುಗಳು ಮಾತ್ರ ಗೇಟು ದಾಟುವುದೇ ಇಲ್ಲ. ದಾಸ್ತಾನು ಪುಸ್ತಕದಲ್ಲಿ ಹೆಸರಿರುವವರೆಗೆ ಅವನ್ನು ತೆಗೆಯುವಂತಿಲ್ಲ, ತೆಗೆಯುವ ಕಾಗದಪತ್ರಕ್ಕೆ ಯಾರೂ ಕೈ ಹಾಕುವುದಿಲ್ಲ. ಹಳೆಯ ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸವಿದೆ, ಯುಪಿಎಸ್ ಬ್ಯಾಟರಿಯಲ್ಲಿ ಸೀಸವೂ ಗಂಧಕಾಮ್ಲವೂ ಇವೆ, ಒಡೆದ ಟ್ಯೂಬ್‌ಲೈಟಿನಿಂದ ಪಾದರಸದ ಆವಿ ಏಳುತ್ತದೆ. ಹರಾಜಿನಲ್ಲಿ ಗುಜರಿಗೆ ಹೋದರೆ ತಾಮ್ರಕ್ಕಾಗಿ ತಂತಿ ಸುಡುತ್ತಾರೆ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು. ಒಂದು ತಾಲ್ಲೂಕಿನ ಶಾಲೆ ಕಾಲೇಜುಗಳೆಲ್ಲ ಸೇರಿ ಒಂದೇ ದಿನ ಒಂದು ಲಾರಿ ತುಂಬಿಸಿದರೆ ಸಾಗಣೆಯ ಖರ್ಚು ಹೊರೆಯಾಗದು.

ಶಬ್ದವೂ ಮಾಲಿನ್ಯವೇ. 2000ದ ನಿಯಮಗಳಂತೆ ವಿದ್ಯಾಸಂಸ್ಥೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಹಗಲಿಗೆ 50, ರಾತ್ರಿಗೆ 40 ಡೆಸಿಬೆಲ್ ಮಿತಿ. ಮೆರವಣಿಗೆಯ ಡಿಜೆಗೆ ಬೋರ್ಡು ತೋರಿಸುವ ಕಾಲೇಜು ತನ್ನ ವಾರ್ಷಿಕೋತ್ಸವದಲ್ಲೂ ಅದನ್ನು ಪಾಲಿಸಬೇಕು.

ಇಳಿಜಾರಿನ ಕೊನೆ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ನೀರಲ್ಲೇ ನಿಂತ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆ, ಕೆಂಬರಲು, ನೀರುಕಾಗೆಗಳು ಗೂಡು ಕಟ್ಟುತ್ತವೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎನಿಸಿದ ಈ 98.76 ಹೆಕ್ಟೇರ್ 2024ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆಗಳಿಗೂ ಆಗಲೇ ಆ ಮನ್ನಣೆ ಸಿಕ್ಕಿತು. ಕೆರೆಗೆ ಹರಿದುಬರುವ ರಂಜಕ, ಸಾರಜನಕ ಹೆಚ್ಚಾದರೆ ಪಾಚಿ ಬೆಳೆದು, ಸತ್ತು, ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ. ಮೀನು ಹೋದರೆ ಹಕ್ಕಿ ಬರುವುದಿಲ್ಲ. ಯಾವುದೇ ಕಾಲೇಜಿನ ಮೋರಿಯೂ ಇಳಿಜಾರು ಹಿಡಿದು ಕೊನೆಗೆ ಇಂಥದೊಂದು ಕೆರೆಯನ್ನೋ ಹಳ್ಳವನ್ನೋ ಸೇರುತ್ತದೆ.

ಆದ್ದರಿಂದ ಆವರಣದ ತಪಾಸಣೆಯನ್ನು ಮೋರಿ ಹಿಡಿದು ನಡೆಯುವುದರಿಂದ ಶುರುಮಾಡುವುದು ಒಳ್ಳೆಯದು. ಕಟ್ಟಡ, ಬೋರು, ಶೌಚಾಲಯ, ಸಂಪು, ಇಳಿಜಾರುಗಳನ್ನು ಒಂದು ಹಾಳೆಯ ಮೇಲೆ ಬರೆದು, ಪ್ರತಿ ಕೊಳವೆ ಎಲ್ಲಿ ಮುಗಿಯುತ್ತದೆಂದು ನಡೆದು ನೋಡಬೇಕು. ಭೂಗೋಳದವರು ನಕ್ಷೆ ಮಾಡಲಿ, ವಾಣಿಜ್ಯದವರು ವಿದ್ಯುತ್ ಬಿಲ್ಲು, ಟ್ಯಾಂಕರ್ ಬಿಲ್ಲುಗಳನ್ನು ಕೂಡಿಸಲಿ. ರಸಾಯನಶಾಸ್ತ್ರದವರಿಗೆ ಬಾಟಲಿ. ವರ್ಷಕ್ಕೆ ಎರಡು ಸಲ, ಮೇ ಕೊನೆಗೆ ಒಮ್ಮೆ, ನವೆಂಬರಿನಲ್ಲಿ ಒಮ್ಮೆ, ಅದೇ ಬೋರಿನಿಂದ ನೀರು ಹಿಡಿಯಬೇಕು. ಮೋಟಾರು ಹಾಕಿ ಹತ್ತು ನಿಮಿಷ ನೀರು ಹರಿಯಬಿಟ್ಟು, ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ತುಂಬಿ ಮುಚ್ಚಬೇಕು. ಫ್ಲೋರೈಡಿಗೆ ಪ್ಲಾಸ್ಟಿಕ್ ಬಾಟಲಿ ಉತ್ತಮ, ಏಕೆಂದರೆ ಗಾಜು ಅದರೊಡನೆ ವರ್ತಿಸುತ್ತದೆ. ಪಿಎಚ್, ಫ್ಲೋರೈಡ್, ನೈಟ್ರೇಟ್, ಕರಗಿದ ಲವಣಗಳ ಜೊತೆಗೆ ಆ ದಿನ ನೀರು ಎಷ್ಟು ಅಡಿಗೆ ಸಿಕ್ಕಿತೆಂಬುದನ್ನೂ, ಹಿಂದಿನ ವಾರ ಮಳೆ ಬಿದ್ದಿತ್ತೇ ಎಂಬುದನ್ನೂ ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲಿ ಬರೆದು ಗ್ರಂಥಾಲಯದಲ್ಲಿ ಇಡಬೇಕು. ಮೂರು ವರ್ಷಕ್ಕೆ ಆರು ಸಾಲು ಆಗುತ್ತದೆ. ಪದವಿ ಮುಗಿಸಿ ಹೋಗುವ ಹುಡುಗಿ ತಾನು ಸೇರಿದ ವರ್ಷದ ಸಾಲನ್ನೂ ಈ ವರ್ಷದ ಸಾಲನ್ನೂ ಪಕ್ಕಪಕ್ಕ ಇಟ್ಟು ಓದಬಹುದು.